ಎಷ್ಟು ಬಾಟಲಿ ತರಲಿ?

ಹೋದ ತಿಂಗಳು ಒಂದು ಫೋನು ಬಂತು. ಹಿರಿಯೂರು ಕಡೆಯ ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಊರು ರಾಜಸ್ಥಾನ. ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. ಹಿಂದಿಯಲ್ಲಿ ಕೇಳಿದಳು: "ಮೇಡಂ, ಇಲ್ಲಿನ ಜನ ಒಳ್ಳೆಯವರೇ. ಹೋದ ಕಡೆಯೆಲ್ಲ ನೀರು ಕೊಡುತ್ತಾರೆ, ಕೂರಿಸುತ್ತಾರೆ. ಆದರೆ ನನಗೆ ಏನೂ ಹೇಳುವುದಿಲ್ಲ. ನೀವೂ ಉತ್ತರದ ಕಡೆಯಿಂದಲೇ ಬಂದವರಂತೆ. ನೀವು ಹೇಗೆ ಹೊಂದಿಕೊಂಡಿರಿ?"

"ನಿಧಾನಕ್ಕೆ ಸರಿಹೋಗುತ್ತದೆ" ಎಂದು ಹೇಳಿ ಫೋನಿಟ್ಟೆ. ಇಟ್ಟಮೇಲೆ ಆ ಉತ್ತರ ಸುಳ್ಳೆನಿಸಿತು. ನನ್ನ ಮಟ್ಟಿಗೆ ತಾನಾಗಿ ಯಾವುದೂ ಸರಿಹೋಗಿರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವ ಹೊತ್ತಿಗೆ ಕೈಗೆ ಸಿಕ್ಕರೆ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಅದನ್ನು ತೆಗೆದು ನೋಡಿದರೆ ನನ್ನ ನೆನಪಿಗೂ ನಾನೇ ಬರೆದದ್ದಕ್ಕೂ ಎಷ್ಟೋ ಕಡೆ ತಾಳೆಯಾಗುವುದಿಲ್ಲ. ಬರೆದದ್ದೇ ನಿಜವೆಂದೂ ಹೇಳಲಾರೆ. ದಣಿದು ಬಂದ ದಿನ ಮನುಷ್ಯ ಏನನ್ನೋ ಬರೆದು ಮುಗಿಸಿರುತ್ತಾನೆ. ಅನುಮಾನವಿರುವ ಕಡೆ ಹೇಳುತ್ತಾ ಹೋಗುತ್ತೇನೆ.

ನಮ್ಮಪ್ಪ ಹೊಳಲ್ಕೆರೆ ತಾಲ್ಲೂಕಿನವರು. ಕೆಲಸ ಸಿಕ್ಕಿದ್ದು ಭಿಲಾಯಿಯಲ್ಲಿ. ನಾನು ಹುಟ್ಟಿದ್ದು, ಬೆಳೆದದ್ದು ಅಲ್ಲಿ. ಪಶುವೈದ್ಯಕೀಯ ಓದಿದ್ದೂ ಆ ಕಡೆಯೇ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಹಿಂದಿ. ಅಮ್ಮ ಹಟ ಹಿಡಿದು ಓದು ಬರಹ ಕಲಿಸಿದ್ದಳು. ಅಪ್ಪನ ಆಸೆಯಂತೆ ಇಲ್ಲಿನ ಇಲಾಖೆಗೆ ಅರ್ಜಿ ಹಾಕಿದೆ, ಕೆಲಸವಾಯಿತು, ಹಿರಿಯೂರಿಗೆ ಹಾಕಿದರು. ರೈಲಿನಲ್ಲಿ ಬರುವಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ಭಾಷೆ ಬರುತ್ತದೆ, ಅಪ್ಪನ ಸೀಮೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ಮೊದಲ ದಿನವೇ ಆಸ್ಪತ್ರೆಯಲ್ಲಿ ನಗು ಎದ್ದಿತು. ಹರಿಯಬ್ಬೆಯಿಂದ ಎತ್ತು ಹೊಡೆದುಕೊಂಡು ಬಂದಿದ್ದ ರೈತನೊಬ್ಬನ ಹತ್ತಿರ ನಾನು ಮಾತಾಡುತ್ತಿದ್ದೆ. ಅವನು ಎತ್ತನ್ನು ಮರೆತು ನನ್ನನ್ನೇ ನೋಡುತ್ತ ನಿಂತ. ಆಮೇಲೆ ನಮ್ಮ ಕಾಂಪೌಂಡರ್ ತಿಪ್ಪೇಸ್ವಾಮಿಯ ಕಡೆ ತಿರುಗಿ, "ನಮ್ಮಜ್ಜಿ ಸತ್ತು ಹದಿನೈದು ವರ್ಸ ಆತು ಕಣಣ್ಣಾ. ಇವತ್ತು ಅವಳ ಮಾತು ಕೇಳಿದಂಗಾತು" ಎಂದ.

ನಮ್ಮಮ್ಮ ಮದುವೆಯಾಗಿ ಊರು ಬಿಟ್ಟಾಗ ಹೊತ್ತುಕೊಂಡು ಹೋದ ಮಾತು ಭಿಲಾಯಿಯ ಅಡುಗೆಮನೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಇಲ್ಲಿ ಅದು ಎಷ್ಟೋ ಮುಂದೆ ನಡೆದಿತ್ತು. ತಿಪ್ಪೇಸ್ವಾಮಿ ಸಮಾಧಾನ ಹೇಳಿದರು: "ಬೇಜಾರು ಮಾಡ್ಕಬ್ಯಾಡ್ರಿ ಮೇಡಂ. ಅಜ್ಜಿ ಮಾತಿಗೆ ಯಾರೂ ಎದುರು ಹೇಳಲ್ಲ. ನಿಮಗೇ ಅನುಕೂಲ."

ಅನುಕೂಲವೇನೋ ಆಯಿತು. ಅದರ ಜೊತೆಗೆ, ಭಾಷೆ ಗೊತ್ತು ಎಂದ ಮೇಲೆ ಜನವೂ ಗೊತ್ತು ಎಂಬ ಭ್ರಮೆಯೂ ಗಟ್ಟಿಯಾಯಿತು.

*

ಯಲ್ಲದಕೆರೆಯಿಂದ ಆಚೆಗೆ ಒಂದು ಹಟ್ಟಿ. ಕುರಿ ಸಾಕುವವರದು. ಸುತ್ತ ಮುಳ್ಳಿನ ಬೇಲಿ, ಒಬ್ಬರು ನುಸುಳುವಷ್ಟು ಕಿಂಡಿಯೇ ಬಾಗಿಲು. ಅದರೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಹಟ್ಟಿಗೆ ಯಜಮಾನ ಚಿತ್ತಯ್ಯ, ಮಾತು ಕಡಿಮೆಯ ಮನುಷ್ಯ. ಅವನ ಅಣ್ಣನ ಹೆಂಡತಿ ಈರಕ್ಕ. ಗಂಡ ತೀರಿಹೋಗಿದ್ದ, ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿಯಾಗಿತ್ತು. ಹೊಲವಿಲ್ಲ. ಅವಳ ಪಾಲಿಗೆ ಇದ್ದದ್ದು ಒಂದು ಕುರಿ ಹಿಂಡು, ಅಷ್ಟೇ. ಹಿಂಡಿನ ಹಿಂದೆ ತಾನೇ ಹೋಗುತ್ತಿದ್ದಳು, ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು.

ನಾನು ಮೊದಲ ಸಲ ಹೋದಾಗ, ಓದುವಾಗ ಕಲಿಸಿದ್ದಂತೆ, ನೇರವಾಗಿ ಕೇಳಿದೆ: "ಈರಕ್ಕ, ನಿಮ್ಮ ಹತ್ತಿರ ಎಷ್ಟು ಕುರಿ ಇವೆ?"

"ಅವೆ ತಾಯಿ, ದೇವ್ರು ಕೊಟ್ಟಷ್ಟು."

"ಸುಮಾರು ಎಷ್ಟಿರಬಹುದು?"

"ಸುಮಾರಾಗೇ ಅವೆ."

ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಸ್ವಲ್ಪ ಸಿಟ್ಟು ಬಂತು. ನಾನೇ ಎಣಿಸುತ್ತೇನೆ ಎಂದು ಕುರಿ ಕೂಡುವ ರೊಪ್ಪದ ಕಡೆ ಕೈ ಚಾಚಿದೆ. ಚಿತ್ತಯ್ಯ ಬಂದು ನನ್ನ ಬೆರಳಿಗೂ ಕುರಿಗಳಿಗೂ ನಡುವೆ ನಿಂತ. ಬೈಯಲಿಲ್ಲ. "ಬೊಟ್ಟು ಮಾಡಿ ಎಣಿಸಬ್ಯಾಡ್ರಿ ಮೇಡಂ. ದಿಷ್ಟಿ ಆಗ್ತೈತೆ" ಎಂದ.

ತಿಪ್ಪೇಸ್ವಾಮಿ ನನ್ನ ಕಡೆ ನೋಡಿ ಸುಮ್ಮನಿರಿ ಎಂಬಂತೆ ತಲೆಯಾಡಿಸಿದರು. ಆದರೆ ನನ್ನ ಕಷ್ಟ ನನಗೆ. ಮುಂದಿನ ವಾರ ಲಸಿಕೆ ತರಬೇಕು. ಲಸಿಕೆ ಪುಡಿಯ ರೂಪದಲ್ಲಿರುತ್ತದೆ, ಮಂಜುಗಡ್ಡೆಯಲ್ಲಿಟ್ಟು ತರಬೇಕು. ನೀರಿನಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸದಿದ್ದರೆ ಕೆಲಸಕ್ಕೆ ಬಾರದು. ಹೆಚ್ಚು ತಂದರೆ ದಂಡ, ಕಡಿಮೆ ತಂದರೆ ಕುರಿ ಉಳಿದುಹೋಗುತ್ತವೆ. ಹಾಗೆ ಯೋಚನೆ ಮಾಡುತ್ತಿರುವಾಗ ಬಾಯಿಂದ ತಾನಾಗಿ ಬಂತು: "ಹೋಗಲಿ ಈರಕ್ಕ, ಎಷ್ಟು ಬಾಟಲಿ ತರಲಿ?"

"ಎರಡು ತರ್ರಿ" ಎಂದಳು ಈರಕ್ಕ, ರೆಪ್ಪೆ ಬಡಿಯದೆ. "ಒಂದು ಸಾಲಲ್ಲ. ಮೂರು ತಂದ್ರೆ ಉಳಿತೈತೆ."

ಒಂದು ಬಾಟಲಿ ಎಷ್ಟು ಕುರಿಗೆ ಬರುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅಲ್ಲಿಂದ ಮುಂದೆ ಇಡೀ ವೃತ್ತಿಯಲ್ಲಿ ನಾನು ಯಾರನ್ನೂ ಎಷ್ಟು ಕುರಿ ಎಂದು ಕೇಳಲಿಲ್ಲ. ಎಷ್ಟು ಬಾಟಲಿ ಎಂದಷ್ಟೇ ಕೇಳಿದೆ. ಉತ್ತರ ತಪ್ಪಿದ್ದು ನನಗೆ ನೆನಪಿಲ್ಲ. ತಪ್ಪಿದ್ದು ಮರೆತಿರಲೂಬಹುದು.

ಆ ವರ್ಷ ಹಟ್ಟಿಯವರಿಗೂ ನನಗೂ ಚೆನ್ನಾಗಿ ಹೊಂದಿತು. ಕುರಿ ಕುಂಟಿದರೂ ಕರೆಯುತ್ತಿದ್ದರು, ಕೆಮ್ಮಿದರೂ ಕರೆಯುತ್ತಿದ್ದರು. ಹೋದರೆ ಮೊದಲು ಬೆಲ್ಲ, ನೀರು, ಆಮೇಲೆ ಮಜ್ಜಿಗೆ. ನಾನು ಬಂದಾಯಿತು, ಇಲ್ಲಿಯವಳೇ ಆದೆ ಎಂದು ಅಮ್ಮನಿಗೆ ಬರೆದೆ.

*

ಆಮೇಲೆ ಕೋಳಿಮರಿ ಬಂದವು.

ಹಳ್ಳಿಯ ಹೆಂಗಸರಿಗೆ ಸುಧಾರಿತ ತಳಿಯ ಕೋಳಿಮರಿ ಹಂಚುವ ಯೋಜನೆ. ನಮ್ಮ ಮೇಲಧಿಕಾರಿ ಕರಾವಳಿಯ ಕಡೆಯವರು, ಶಿಸ್ತಿನ ಮನುಷ್ಯ. ತಾಲ್ಲೂಕಿನ ನಕ್ಷೆ ಮುಂದಿಟ್ಟುಕೊಂಡು ಒಂದು ಊರೂ ಬಿಡದಂತೆ ಪಟ್ಟಿ ಮಾಡಿದ್ದರು. ಅದರಲ್ಲಿ ಹಟ್ಟಿಯ ಹೆಸರೂ ಇತ್ತು. ಈರಕ್ಕನಂಥ ಒಂಟಿ ಹೆಂಗಸಿಗೆ ಇದು ಒದಗುತ್ತದೆ ಎಂದು ನನಗೂ ಖುಷಿಯಾಗಿತ್ತು.

ಅವತ್ತು ತಿಪ್ಪೇಸ್ವಾಮಿ ಜೊತೆಗಿರಲಿಲ್ಲ. ರಜೆ ಹಾಕಿದ್ದರು ಎಂದೇ ಇಷ್ಟು ವರ್ಷ ನಾನು ಹೇಳುತ್ತ ಬಂದಿದ್ದೇನೆ. ಈಗ ಅವರು ಹೊಸದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಇದನ್ನು ಬರೆಯುವ ಮುಂಚೆ ಫೋನು ಮಾಡಿ ಕೇಳಿದೆ. "ರಜೆ ಎಲ್ಲಿ ಹಾಕಿದ್ದೆ ಮೇಡಂ? ಔಷಧಿ ತರಕ್ಕೆ ನೀವೇ ದುರ್ಗಕ್ಕೆ ಕಳಿಸಿದ್ರಿ" ಎಂದರು. ದಿನಚರಿಯಲ್ಲಿ ಎರಡೂ ಇಲ್ಲ.

ಜೀಪಿನ ತುಂಬ ತೂತು ಕೊರೆದ ರಟ್ಟಿನ ಡಬ್ಬಗಳು, ಒಳಗೆ ಚಿಂವ್ ಚಿಂವ್. ಹಟ್ಟಿಯ ಬೇಲಿಯ ಹತ್ತಿರ ನಿಲ್ಲಿಸಿದಾಗ ಹೆಂಗಸರು ಎಂದಿನಂತೆ ನಗುತ್ತ ಬಂದರು. ಸದ್ದು ಕೇಳಿದ್ದೇ ಅಲ್ಲಲ್ಲೇ ನಿಂತರು. ಚಿತ್ತಯ್ಯ ಮುಂದೆ ಬಂದು, "ಕುಂತ್ಕಳ್ರಿ ಮೇಡಂ, ಇಲ್ಲೇ ನೆಳ್ಳಾಗೆ. ನೀರು ಕುಡೀರಿ. ಆ ಡಬ್ಬ ಜೀಪಿನಾಗೇ ಇರ್ಲಿ" ಎಂದ.

ಅವನು ಹೇಳಬೇಕಾದ್ದೆಲ್ಲ ಆ ಮಾತಿನಲ್ಲೇ ಇತ್ತು. ನನಗೆ ಕೇಳಿಸಿದ್ದು ಸಂಕೋಚ. ಪುಕ್ಕಟೆ ಸಿಗುವುದನ್ನು ತಕ್ಷಣ ಕೈ ಚಾಚಿ ತೆಗೆದುಕೊಳ್ಳಬಾರದೆಂದು ಬೇಡ ಬೇಡ ಎನ್ನುವುದು ನಾನು ಬೆಳೆದ ಕಡೆಯ ಮರ್ಯಾದೆ. ಅಲ್ಲಿ ಒಂದು ಲೋಟ ಚಹಾ ಕೂಡ ಮೂರು ಸಲ ಬೇಡವೆಂದ ಮೇಲೆಯೇ ಕುಡಿಯುವುದು. ಒತ್ತಾಯ ಮಾಡುವುದು ಕೊಡುವವರ ಧರ್ಮ. ನಾನು ಒತ್ತಾಯ ಮಾಡಿದೆ. ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಚಪ್ಪಲಿ ಬಿಟ್ಟು, ಬೇಲಿಯ ಕಿಂಡಿಯಲ್ಲಿ ನುಸುಳಿ, ನೇರ ಈರಕ್ಕನ ಗುಡಿಸಲಿನ ಮುಂದೆ ಹೋಗಿ ನಿಂತೆ.

"ಅಯ್ಯೋ ನಮ್ಮವ್ವಾ!" ಎಂದು ಯಾರೋ ಮುದುಕಿ ಕೂಗಿದಳು. "ಕುರಿ ಡಾಕ್ಟ್ರು ಕೋಳಿ ಹಿಡ್ಕಂಡು ಬಂದವಳಲ್ಲೇ!"

ಯಾರೂ ನಗಲಿಲ್ಲ. ಈರಕ್ಕ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು: "ಹಂಗೇ ಹಿಂದಕ್ಕೆ ನಡೀರಿ ಡಾಕ್ಟ್ರಮ್ಮ. ಕೆಳಗೆ ಬಿಡಬ್ಯಾಡ್ರಿ. ಕೆಳಗೆ ಮಾತ್ರ ಬಿಡಬ್ಯಾಡ್ರಿ."

ಮಾರನೆಯ ದಿನ ತಿಪ್ಪೇಸ್ವಾಮಿ ಹಣೆ ಹಣೆ ಚಚ್ಚಿಕೊಂಡರು. ಆ ಹಟ್ಟಿಯವರು ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಅವರ ದೇವರಿಗೆ ಆಗದು. ಬೇಲಿಯೊಳಗೆ ಕೋಳಿ ಬಂದರೆ ಇಡೀ ಹಟ್ಟಿಗೆ ಮೈಲಿಗೆ. ಮನೆಮನೆ ಸಾರಿಸಬೇಕು, ದೇವರ ಪೆಟ್ಟಿಗೆಯನ್ನು ಹೊಳೆಗೆ ಒಯ್ದು ತೊಳೆದು ತರಬೇಕು. ಮೇಲಧಿಕಾರಿಗೆ ವಿಷಯ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಪಟ್ಟಿ ಮಾಡಿದ್ದು ನಾನಮ್ಮ. ನನಗೂ ಇದು ಗೊತ್ತಿರಲಿಲ್ಲ. ನಾನೂ ನಿನ್ನ ಹಾಗೆ ಹೊರಗಿನವನೇ" ಎಂದರು. ಮರಿಗಳನ್ನು ಹರಿಯಬ್ಬೆಯ ಹೆಂಗಸರಿಗೆ ಕೊಟ್ಟೆವು. ಅವರಿಗೆ ಭಾರೀ ಸಂತೋಷ.

*

ಒಂದು ವಾರವೋ ಹತ್ತು ದಿನವೋ ಕಳೆದ ಮೇಲೆ ಚಿತ್ತಯ್ಯ ಆಸ್ಪತ್ರೆಗೆ ಬಂದ. ಜೊತೆಗೆ ಕುರಿ ಇಲ್ಲ, ಔಷಧಿಯೂ ಕೇಳಲಿಲ್ಲ. ತಿಪ್ಪೇಸ್ವಾಮಿ ಹಿಂದಿನ ಶೆಡ್ಡಿನಲ್ಲಿ ಎಮ್ಮೆಯೊಂದಕ್ಕೆ ಔಷಧಿ ಕುಡಿಸುತ್ತಿದ್ದರು. ಚಿತ್ತಯ್ಯ ಬಾಗಿಲಲ್ಲಿ ನಿಂತು ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು, ಒಂದೇ ಮಾತು ಹೇಳಿದ:

"ಸೋಮಾರ ದೇವ್ರು ಹೊಳೆಗೆ ಹೊಂಟೈತೆ."

"ಒಳ್ಳೆಯದಾಗಲಿ ಯಜಮಾನ್ರೇ" ಎಂದೆ. ನನ್ನಿಂದ ಆದ ಕಷ್ಟವನ್ನು ನೆನಪಿಸಲು ಬಂದಿದ್ದಾನೆ ಎಂದುಕೊಂಡು ತಲೆ ತಗ್ಗಿಸಿದೆ.

ಅವನು ಸ್ವಲ್ಪ ಹೊತ್ತು ನಿಂತ. "ಆತು. ಹಂಗಾರೆ ಬರ್ತೀನಿ" ಎಂದು ಹೊರಟುಹೋದ.

ಆಮೇಲೆ ಹಟ್ಟಿಯಿಂದ ಯಾರೂ ಬರಲಿಲ್ಲ, ಯಾರೂ ಕರೆಯಲಿಲ್ಲ. ಬೇರೆ ಹಳ್ಳಿಗಳಿಗೆ ಹೋಗುವಾಗ ರಸ್ತೆಯಲ್ಲಿ ಈರಕ್ಕನ ಹಿಂಡು ಕಂಡರೆ ಅವಳು ಕುರಿ ಸರಿಸಿ ಜೀಪಿಗೆ ದಾರಿ ಬಿಡುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ, ಅವಳೂ ಎತ್ತುತ್ತಿದ್ದಳು, ಅಷ್ಟೇ. ಆ ತಿಂಗಳುಗಳ ದಿನಚರಿ ತುಂಬ 'ಕೋಪ' ಎಂಬ ಪದವಿದೆ. ಅವರ ಕೋಪ ಎಂದು ಬರೆದಿದ್ದೇನೆ. ಈಗ ಓದಿದರೆ ಅದು ನನ್ನದೇ ಇರಬೇಕು ಅನಿಸುತ್ತದೆ. ಅಜ್ಜಿಯ ಮಾತು ಆಡುತ್ತೇನೆ, ಮುದ್ದೆ ನುಂಗುತ್ತೇನೆ, ಒಂದು ಕೋಳಿಮರಿಗೆ ಇಷ್ಟು ದಿನ ಹಗೆಯೇ ಎಂದು. ದುರ್ಗ ಪಟ್ಟಣಕ್ಕೆ ವರ್ಗ ಕೊಡಿ ಎಂದು ಮೇಲಧಿಕಾರಿಯನ್ನು ಕೇಳಿದೆ. "ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ" ಎಂದರು.

ಬೇಸಿಗೆ ಕಳೆಯುವ ಮೊದಲೇ ಕುರಿಗಳಿಗೆ ಸಿಡುಬು ಬಂತು. ದೂರದ ಸೀಮೆಗೆ ಹೋಗಿ ಮೇಯಿಸಿಕೊಂಡು ವಾಪಸು ಬಂದ ಒಂದು ಹಿಂಡಿನಿಂದ ಯಲ್ಲದಕೆರೆಯ ಸುತ್ತ ಹಬ್ಬಿತು. ಜ್ವರ, ಉಣ್ಣೆಯಿಲ್ಲದ ಕಡೆಯೆಲ್ಲ ಗುಳ್ಳೆ, ಮೂಗು ಕಟ್ಟಿ ಉಸಿರಿಗೆ ತೊಂದರೆ. ಬಂದ ಮೇಲೆ ಮಾಡುವುದು ಅಷ್ಟಕ್ಕಷ್ಟೇ. ಬರುವ ಮೊದಲು ಲಸಿಕೆ ಬಿದ್ದರೆ ಹಿಂಡು ಉಳಿಯುತ್ತದೆ. ಒಂದೊಂದು ದಿನಕ್ಕೂ ಲೆಕ್ಕ. ನಾನು ಊರೂರು ತಿರುಗುತ್ತಿದ್ದೆ, ಹಟ್ಟಿಯೊಂದನ್ನು ಬಿಟ್ಟು. ಕರೆಯದೆ ಹೇಗೆ ಹೋಗಲಿ? ತಿಪ್ಪೇಸ್ವಾಮಿಯನ್ನು ಕಳಿಸೋಣ ಎಂದುಕೊಳ್ಳುವ ಹೊತ್ತಿಗೆ ಒಂದು ಬೆಳಗ್ಗೆ ಮೊದಲನೆ ಬಸ್ಸಿಗೆ ಈರಕ್ಕನೇ ಬಂದಳು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದು ನಿಂತಳು.

"ಡಾಕ್ಟ್ರಮ್ಮ, ಎರಡು ಬಾಟ್ಲಿ ಐತಾ?"

"ಇದೆ ಈರಕ್ಕ. ಆದರೆ ನಾನು ಹಟ್ಟಿಗೆ ಬರಬಹುದಾ?"

"ಬರಬ್ಯಾಡ ಅಂತ ಯಾರು ಅಂದ್ರು?"

"ಯಾರೂ ಕರೆಯಲಿಲ್ಲವಲ್ಲ."

ಈರಕ್ಕ ನನ್ನ ಮುಖವನ್ನೇ ನೋಡಿದಳು. "ಚಿತ್ತಯ್ಯ ಇಲ್ಲಿಗಂಟ ಬಂದು ಹೇಳಿ ಹೋಗ್ಲಿಲ್ವಾ? ಸೋಮಾರ ದೇವ್ರು ಹೊಳೆಗೆ ಹೊಂಟೈತೆ ಅಂತ?"

"ಹೇಳಿದರು."

"ಮತ್ತೆ?"

ನಾನು ತಿಪ್ಪೇಸ್ವಾಮಿಯ ಕಡೆ ನೋಡಿದೆ. ಅವರ ಮುಖ ಬಿಳುಚಿಕೊಂಡಿತ್ತು. "ಯಜಮಾನ್ರು ಬಂದಿದ್ರಾ? ಬಂದು ಹಂಗಂದ್ರಾ? ನನಗೆ ಹೇಳ್ಬಾರ್ದಾ ಮೇಡಂ! ಅದು ನಿಮ್ಮನ್ನ ಕರೆದಿದ್ದು."

ಮೈಲಿಗೆ ಯಾರಿಂದಾಯಿತೋ ಅವರು ಹೊಳೆಯ ಹತ್ತಿರ ಬಂದು ಎಲ್ಲರ ಜೊತೆ ತೀರ್ಥ ತೆಗೆದುಕೊಂಡರೆ ಅಲ್ಲಿಗೆ ವಿಷಯ ಮುಗಿಯಿತು. ಮತ್ತೆ ಯಾರೂ ಅದನ್ನು ಎತ್ತುವಂತಿಲ್ಲ. ಅದಕ್ಕಾಗಿಯೇ ಚಿತ್ತಯ್ಯ ಬಸ್ಸು ಹಿಡಿದು ಬಂದಿದ್ದ.

"ನಾವು ದಡದಾಗೆ ರಸ್ತೆ ನೋಡ್ಕಂಡು ಕುಂತಿದ್ವಿ" ಎಂದಳು ಈರಕ್ಕ. "ಜೀಪು ಬರ್ತೈತೆ, ಈಗ ಬರ್ತೈತೆ ಅಂತ ದೇವ್ರ ನೀರಿಗಿಳ್ಸೋದೂ ತಡ ಮಾಡಿದ್ವಿ. ಬರ್ಲಿಲ್ಲ. ಓದಿದೋರು, ದೊಡ್ಡೂರೋರು, ನಮ್ಮ ತೀರ್ಥ ಅವರಿಗ್ಯಾಕೆ ಅಂದ್ಕಂಡ್ವಿ. ಬೇಜಾರಾಗೈತೆ ಅವರಿಗೆ, ತೊಂದ್ರೆ ಕೊಡಬಾರ್ದು ಅಂತ ಸುಮ್ಕಿದ್ವಿ."

ನನ್ನನ್ನು ದೂರ ಇಟ್ಟರೆಂದು ನಾನು, ನಾನು ದೂರ ಇಟ್ಟೆನೆಂದು ಅವರು. ಇಬ್ಬರೂ ಮರ್ಯಾದೆಯಿಂದ ರಸ್ತೆ ಬಿಟ್ಟುಕೊಡುತ್ತ ಇಷ್ಟು ತಿಂಗಳು ಕಳೆದಿದ್ದೆವು.

ನಾನು ಬೆಳೆದ ಕಡೆ ಕರೆಯುವುದೆಂದರೆ ಚೀಟಿ ಕೊಡುವುದು, ಮನೆಗೆ ಬಂದು ಹೇಳುವುದು, ಬರದಿದ್ದರೆ ನೋಡಿ ಎಂದು ಗದರುವುದು. ಇಲ್ಲಿ ನಡೆಯಲಿರುವುದನ್ನು ನಿಮ್ಮ ಮುಂದೆ ನಿಂತು ಹೇಳಿದರೆ ಮುಗಿಯಿತು. ಬಾ ಎಂದರೆ ಬರಲೇಬೇಕಾಗುತ್ತದೆ. ಹೇಳಿದರೆ, ಬರುವುದೂ ಬಿಡುವುದೂ ನಿಮ್ಮದು. ಹಾಗೆ ಬಂದರೆ ಮಾತ್ರ ಬಂದದ್ದಕ್ಕೆ ಬೆಲೆ. ಇದು ಆ ಸೀಮೆಯ ಎಲ್ಲರ ರೀತಿಯೋ ಆ ಹಟ್ಟಿಯದ್ದೋ ಖಚಿತವಾಗಿ ಹೇಳಲಾರೆ. ಆದರೆ ಆಮೇಲೆ ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಯಾರಾದರೂ ಕೆಲಸವಿಲ್ಲದೆ ಬಂದು "ನಾಳಿದ್ದು ಮಗಳ ಮದುವೆ ಐತೆ" ಎಂದರೆ ನಾನು ಒಳ್ಳೆಯದಾಗಲಿ ಎಂದು ಸುಮ್ಮನಾಗಲಿಲ್ಲ.

*

ಅವತ್ತೇ ಮಂಜುಗಡ್ಡೆಯ ಡಬ್ಬದಲ್ಲಿ ಬಾಟಲಿ ಇಟ್ಟುಕೊಂಡು, ಈರಕ್ಕನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ಅವಳು ಹೇಳಿದಳು, ಆಗಲೇ ಕೆಲವು ಕುರಿಗೆ ಮೈ ಬಿಸಿಯಾಗಿದೆ ಎಂದು. ಗಂಡ ಸತ್ತಾಗಲೂ ಹಿಂಡು ಮಾರಲಿಲ್ಲವಂತೆ. "ಇವು ಹೋದ್ರೆ ನಾನು ಅಳಿಯನ ಮನೆ ಬಾಗ್ಲಿಗೆ ಹೋಗಿ ಕುಂತ್ಕಬೇಕು ಡಾಕ್ಟ್ರಮ್ಮ. ಅದೊಂದು ಆಗಬಾರ್ದು" ಎಂದಳು.

ಬೇಲಿಯ ಹತ್ತಿರ ಹಟ್ಟಿಯೇ ನೆರೆದಿತ್ತು. ಒಂದು ತೊಡಕು ಉಳಿದೇ ಇತ್ತು. ನಾನು ತೀರ್ಥ ತೆಗೆದುಕೊಂಡಿಲ್ಲ. ದೇವರು ಮತ್ತೆ ಹೊಳೆಗೆ ಹೋಗುವುದು ಮುಂದಿನ ಹಬ್ಬಕ್ಕೆ. ಅಲ್ಲಿಯವರೆಗೆ ನಾನು ಒಳಗೆ ಕಾಲಿಡುವಂತಿಲ್ಲ. ಸಿಡುಬು ಹಬ್ಬಕ್ಕೆ ಕಾಯುವುದಿಲ್ಲ.

"ಕೋಳಿ ಡಾಕ್ಟ್ರು ಬಂದ್ಲು ನೋಡ್ರಲೇ" ಎಂದಳು ಆವತ್ತು ಕೂಗಿದ್ದ ಮುದುಕಿ. ಒಬ್ಬಿಬ್ಬರು ನಕ್ಕರು. ಆ ನಗುವಿಗೆ ನನ್ನ ಎದೆ ಹಗುರವಾಯಿತು.

ಹಿರಿಯರು ಗುಜುಗುಜು ಮಾತಾಡಿಕೊಂಡರು. ಚಿತ್ತಯ್ಯ ಕಂಬಳಿ ಹೆಗಲಿಗೇರಿಸಿಕೊಂಡು ಎದ್ದ. "ಮೇಡಂ ಒಳಗೆ ಬರಂಗಿಲ್ಲ, ಅದು ಸರಿ. ಕುರಿ ಹೊರಗೆ ಹೋಗಂಗಿಲ್ಲ ಅಂತ ಎಲ್ಲೈತೆ? ದಿನಾ ಹೋಗ್ತಾವಲ್ಲ" ಎಂದ.

ನಾನು ಕಿಂಡಿಯ ಹೊರಗೆ ಮಂಡಿಯೂರಿ ಕೂತೆ. ತಿಪ್ಪೇಸ್ವಾಮಿ ಲಸಿಕೆ ಕಲಸಿ ಸಿರಿಂಜು ತುಂಬಿ ಕೊಡುತ್ತಿದ್ದರು. ಒಳಗಿನಿಂದ ಈರಕ್ಕ ಒಂದೊಂದೇ ಕುರಿಯನ್ನು ಕಿಂಡಿಗೆ ನೂಕುವಳು, ಅದು ಎರಡು ಕಡೆಯ ಮುಳ್ಳಿಗೆ ಹೆದರಿ ನೆಟ್ಟಗೆ ಬರುವುದು, ನಾನು ಚುಚ್ಚುವುದು, ಚಿತ್ತಯ್ಯ ಬೆನ್ನಿಗೆ ಕೆಮ್ಮಣ್ಣಿನ ಗುರುತು ಹಾಕಿ ಬಿಡುವುದು. ಮೈ ಬಿಸಿಯಿದ್ದವನ್ನು ಈರಕ್ಕ ಕೈಯಿಟ್ಟು ನೋಡಿ ಒಳಗೇ ಬೇರೆ ಮಾಡಿದಳು. ಅನುಮಾನ ಬಂದಾಗ ಕಿಂಡಿಯಲ್ಲೇ ಕೂಗಿ ಕೇಳುವಳು, ನಾನು ಥರ್ಮಾಮೀಟರು ಇಟ್ಟು ಹೇಳುವೆ. ಎರಡನೆಯ ಬಾಟಲಿಯ ತಳ ಕಾಣುವ ಹೊತ್ತಿಗೆ ಅವಳ ಹಿಂಡು ಮುಗಿಯಿತು. ಮಿಕ್ಕವರ ಹಿಂಡಿಗೆ ತಿಪ್ಪೇಸ್ವಾಮಿ ಮತ್ತೆ ಊರಿಗೆ ಹೋಗಿ ಬಾಟಲಿ ತಂದರು.

ಆವರೆಗೆ ನಮ್ಮ ಪದ್ಧತಿಯೇ ಬೇರೆಯಿತ್ತು. ರೊಪ್ಪದೊಳಗೆ ನುಗ್ಗಿ ಕೈಗೆ ಸಿಕ್ಕ ಕುರಿಗೆ ಚುಚ್ಚುವುದು. ಕುರಿ ಗಾಬರಿಯಾಗಿ ಒಂದರ ಮೇಲೊಂದು ಬೀಳುತ್ತಿದ್ದವು, ಗಬ್ಬದ ಕುರಿಗಳು ಕಂದು ಹಾಕುತ್ತಿದ್ದವು. ಒಂದಕ್ಕೆ ಎರಡು ಸಲ ಬೀಳುತ್ತಿತ್ತು, ಇನ್ನೊಂದಕ್ಕೆ ಬೀಳುತ್ತಲೇ ಇರಲಿಲ್ಲ. ಅವತ್ತು ಒಂದೂ ತಪ್ಪಲಿಲ್ಲ, ಒಂದೂ ಬೀಳಲಿಲ್ಲ. ಮುಂದೆ ನಾನು ಕೆಲಸ ಮಾಡಿದ ಮೂರು ತಾಲ್ಲೂಕಿನಲ್ಲೂ ಬಾಗಿಲಲ್ಲಿ ಕೂತೇ ಲಸಿಕೆ ಹಾಕಿದೆ. ಕಿರಿಯರು ಇದೇನು ಹೊಸ ಪದ್ಧತಿ ಎಂದು ಕೇಳುತ್ತಿದ್ದರು. ಒಳಗೆ ಬಿಡದೆ ಹೋದದ್ದರಿಂದ ಬಂದದ್ದು ಎಂದರೆ ನಂಬುತ್ತಿರಲಿಲ್ಲ.

ಈರಕ್ಕನ ಕುರಿಗಳೆಲ್ಲ ಉಳಿದವೆಂದು ಹೇಳಲು ನನಗೂ ಆಸೆ. ಉಳಿಯಲಿಲ್ಲ. ಬೇರೆ ಮಾಡಿದ್ದವುಗಳಲ್ಲಿ ಹೆಚ್ಚಿನವು ಸತ್ತವು. ಲಸಿಕೆ ಹಾಕಿದ್ದವುಗಳಲ್ಲೂ, ರೋಗ ಆಗಲೇ ಒಳಹೊಕ್ಕಿದ್ದ ಕೆಲವು ಹೋದವು. ಎಳೆಯ ಮರಿಗಳು ಹೋದವು. ಹಟ್ಟಿಯಾಚೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಿದೆವು. ದಿನಾ ಬೆಳಗ್ಗೆ ನಾನು ಬೇಲಿಯ ಹೊರಗೆ ನಿಲ್ಲುತ್ತಿದ್ದೆ, ಈರಕ್ಕ ಒಳಗಿನಿಂದ ಬಂದು ಇವತ್ತಿನದ್ದು ಹೇಳುತ್ತಿದ್ದಳು. ಒಂದು ದಿನ ಏನೂ ಹೇಳದೆ ಬರೀ ಮಜ್ಜಿಗೆ ಚೊಂಬು ತಂದುಕೊಟ್ಟಳು. ಸಾವು ನಿಂತಿತ್ತು.

*

ಹಬ್ಬ ಹತ್ತಿರ ಬಂದಾಗ ಈರಕ್ಕ ಸಂತೆಗೆಂದು ಬಂದವಳು ಆಸ್ಪತ್ರೆಗೂ ಬಂದಳು. ನನ್ನ ಎದುರಿಗೆ ನಿಂತು, ಕಣ್ಣಿನಲ್ಲಿ ಕಣ್ಣಿಟ್ಟು, "ಬರೋ ಸೋಮಾರ ದೇವ್ರು ಹೊಳೆಗೆ ಹೊಂಟೈತೆ" ಎಂದಳು.

"ಎಷ್ಟು ಹೊತ್ತಿಗೆ?" ಎಂದೆ.

ಅವಳು ಬಾಯಿ ತುಂಬ ನಕ್ಕಳು. "ಪಾಸಾದ್ರಿ ಬಿಡ್ರಿ."

ವೇದಾವತಿಯಲ್ಲಿ ಅವತ್ತು ಸೊಂಟದವರೆಗೆ ನೀರಿತ್ತೆಂದು ನನ್ನ ನೆನಪು. ದಿನಚರಿಯಲ್ಲಿ 'ಕಣಕಾಲು ಮುಳುಗುವಷ್ಟು' ಎಂದಿದೆ. ತೀರ್ಥ ತೆಗೆದುಕೊಂಡೆ. ಯಾರೂ ಕೋಳಿಯ ಮಾತೆತ್ತಲಿಲ್ಲ. ನನ್ನಂಥ ಓದಿದವಳು ಮೈಲಿಗೆಯನ್ನು ಒಪ್ಪಿ ತಲೆ ಬಾಗಿಸಿದ್ದು ಸರಿಯೇ ಎಂದು ಅವತ್ತೂ ಕೇಳಿಕೊಂಡೆ, ಇವತ್ತೂ ಕೇಳಿಕೊಳ್ಳುತ್ತೇನೆ. ಆ ಹಟ್ಟಿಯ ಎಲ್ಲ ಕಟ್ಟಳೆಗಳೂ ನನಗೆ ಒಪ್ಪಿಗೆಯಾಗಲಿಲ್ಲ. ಬಾಣಂತಿಯರನ್ನು ಹೊರಗಿಡುವ ವಿಷಯದಲ್ಲಿ ಚಿತ್ತಯ್ಯನ ಜೊತೆ ವರ್ಷಗಟ್ಟಲೆ ಜಗಳವಾಡಿದೆ, ಗೆದ್ದೆನೆಂದು ಹೇಳಲಾರೆ. ಆದರೆ ಆ ಜಗಳವನ್ನು ಬೇಲಿಯ ಒಳಗೆ ಕೂತು ಆಡಲು ಸಾಧ್ಯವಾಯಿತು.

ಮಾರನೆಯ ಬೆಳಗ್ಗೆ ಹಟ್ಟಿಗೆ ಹೋದೆ. ಚಪ್ಪಲಿ ಬಿಟ್ಟು ಕಿಂಡಿಯಲ್ಲಿ ನುಸುಳಿದೆ. ಕುರಿಗಳು ಮೇಯಲು ಹೊರಡುವ ಹೊತ್ತು. ಈರಕ್ಕ ರೊಪ್ಪದ ಬಾಗಿಲಿಗೆ ಕೈಯಿಟ್ಟು ನಿಂತಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು, "ಎಣಿಸ್ರಿ" ಎಂದಳು.

ನಾನು ಚಿತ್ತಯ್ಯನ ಕಡೆ ನೋಡಿದೆ. ಅವನು ಬೇಲಿಯ ಮುಳ್ಳು ಸರಿಮಾಡುವ ನೆವದಲ್ಲಿ ಆ ಕಡೆ ಹೋದ.

"ದೃಷ್ಟಿಯಾಗಲ್ವೇನು ಈರಕ್ಕ?"

"ಬ್ಯಾರೇರು ಎಣಿಸಿದ್ರೆ ಆಗ್ತೈತೆ." ಬಾಗಿಲ ಮೇಲಿನ ಕೈ ತೆಗೆಯದೆ ಹೇಳಿದಳು: "ಎಷ್ಟು ಹೋದ್ವು ಅಂತ ನನಗೆ ಗೊತ್ತು. ಎಷ್ಟು ಉಳಿದ್ವು ಅಂತ ನಿಮ್ಮ ಬಾಯಾಗೆ ಕೇಳಬೇಕು."

ಬಾಗಿಲು ಸರಿಸಿದಳು. ಬೆನ್ನ ಮೇಲೆ ಮಾಸಿದ ಕೆಮ್ಮಣ್ಣಿನ ಗುರುತು ಹೊತ್ತ ಕುರಿಗಳು ಒಂದೊಂದಾಗಿ ಹೊರಟವು. ಬೆರಳೆತ್ತದೆ, ತುಟಿ ಅಲ್ಲಾಡಿಸದೆ, ಬರೀ ಕಣ್ಣಲ್ಲಿ ಎಣಿಸಿದೆ. ಕೊನೆಯದು ದಾಟಿದ ಮೇಲೆ ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ.

"ಆತು" ಎಂದಳು. "ಅಳಿಯನ ಮನೆಗೆ ಹೋಗಂಗಿಲ್ಲ ಬಿಡು ಇನ್ನು." ಕಂಬಳಿ ಕೊಪ್ಪೆ ಹಾಕಿಕೊಂಡು ಹಿಂಡಿನ ಹಿಂದೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಯಾರಿಗೂ ಹೇಳಬ್ಯಾಡ್ರಿ ಮತ್ತೆ" ಎಂದಳು.

ಮುಂದೆ ನನಗೆ ವರ್ಗವಾದಾಗಲೂ, ನಾನು ಕೇಳಿದ್ದಲ್ಲ, ಹಟ್ಟಿಗೆ ಹೋಗಿ ಅವಳೆದುರು ನಿಂತು "ಶುಕ್ರವಾರ ಹೊರಡುತ್ತಿದ್ದೇನೆ" ಎಂದಷ್ಟೇ ಹೇಳಿದೆ. ಶುಕ್ರವಾರ ಬೆಳಗ್ಗೆ ಈರಕ್ಕ, ಚಿತ್ತಯ್ಯ, ನನ್ನನ್ನು ಕೋಳಿ ಡಾಕ್ಟ್ರು ಎನ್ನುತ್ತಿದ್ದ ಮುದುಕಿ, ಮೂವರೂ ಬಸ್ ನಿಲ್ದಾಣದಲ್ಲಿದ್ದರು.

ಈರಕ್ಕ ಈಗಿಲ್ಲ. ಕೊನೆಯವರೆಗೂ ಸ್ವಂತ ಗುಡಿಸಲಲ್ಲೇ ಇದ್ದಳೆಂದು ತಿಪ್ಪೇಸ್ವಾಮಿ ಹೇಳಿದರು. ಎಣಿಸಿದ ಆ ದಿನದ ದಿನಚರಿಯಲ್ಲಿ ಒಂದೇ ಸಾಲಿದೆ: 'ಈರಕ್ಕನಿಗೆ ಎರಡು ಬಾಟಲಿ ಈಗಲೂ ಬೇಕು.' ಹೊಳೆಯಲ್ಲಿ ನೀರೆಷ್ಟಿತ್ತು, ತಿಪ್ಪೇಸ್ವಾಮಿ ಎಲ್ಲಿದ್ದರು ಎಂಬುದೆಲ್ಲ ನನಗೆ ಮಸಕಾಗಿದೆ. ಆ ಸಂಖ್ಯೆ ಮಾತ್ರ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದಿಲ್ಲ.